ಕೆಂಪು ಮುಚ್ಚಳದ ಸಿರಿಂಜು: ಇಂಗ್ಲೆಂಡಿಂದ ಮಕ್ಕಳನ್ನು ಊರಿಗೆ ಕರ್ಕೊಂಡು ಬರುವವರಿಗೆ

ಬದಿಯಡ್ಕ, ಪೆರ್ಲ ಕಡೆಯಿಂದ ಇಂಗ್ಲೆಂಡಿಗೆ ಹೋದವ್ರಲ್ಲಿ ಟೈಪ್ 1 ಶುಗರ್ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು. ಮೊನ್ನೆ ಒಬ್ರು ಫೋನಲ್ಲಿ ಮಾತಾಡುವಾಗ ನಾನು ಮಾಡಿದ ತಪ್ಪನ್ನೇ ಮಾಡ್ಲಿಕ್ಕೆ ಹೊರಟದ್ದು ಗೊತ್ತಾಯ್ತು. ಜಿಪಿ (ಅಲ್ಲಿಯ ಫ್ಯಾಮಿಲಿ ಡಾಕ್ಟರ್) ರಿಜಿಸ್ಟ್ರೇಶನ್, ಶಾಲೆಗೆ ಹೇಳುದು ಎಲ್ಲ ನಿಮ್ಗೆ ಗೊತ್ತುಂಟು, ಬಿಡಿ.

ನಮ್ಮ ಮಗಳಿಗೆ ಅಲ್ಲಿ ಕೊಡುದು ಒಂದು ಎಂಎಲ್‌ಗೆ 100 ಯೂನಿಟ್ ಇರುವ, ಶುಗರ್ ಇಳಿಸುವ ಇನ್ಸುಲಿನ್ ಪೆನ್ನು. ಊರಲ್ಲಿ ಈಗಲೂ 40 ಯೂನಿಟ್‌ನ ಬಾಟ್ಲಿ ಉಂಟು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100ರದ್ದಕ್ಕೆ ಕಿತ್ತಳೆ ಮುಚ್ಚಳ. ಇದು ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ. ರಜೆಯ ಕೊನೆಗೆ ಪೆನ್ನಿನ ಸೂಜಿ ಮುಗೀತು, ಪೇಟೆಯ ಮೆಡಿಕಲಿಂದ ಇನ್ಸುಲಿನ್ ಸಿರಿಂಜು ತಂದೆ, ಕೆಂಪು ಮುಚ್ಚಳದ್ದು, ಪೆನ್ನಿನೊಳಗಿಂದ 8ರ ಗೆರೆವರೆಗೆ ಎಳೆದು ಕೊಟ್ಟೆ. ಹೋದದ್ದು 8 ಅಲ್ಲ, 20 ಯೂನಿಟ್. ಎರಡೂವರೆ ಪಾಲು!

ಊಟ ಆಗಿ ಒಂದೂವರೆ ಗಂಟೆಗೆ ಹುಡುಗಿ ಬೆವರಿ ಏನೇನೋ ಮಾತಾಡ್ಲಿಕ್ಕೆ ಶುರು. ಮೀಟರ್ 2.4 ತೋರಿಸ್ತು. ಪರಿಚಯದ ಕಾಂಪೌಂಡರಿಗೆ ಫೋನ್ ಮಾಡಿದ್ರೆ "2.4 ಅಂತ ಶುಗರ್ ಇರ್ತದಾ, ಮೀಟರ್ ಹಾಳಾಗಿರ್ಬೇಕು, ಇನ್ನೊಮ್ಮೆ ನೋಡಿ" ಹೇಳಿದ್ರು. ಇಂಗ್ಲೆಂಡಿನ ಮೀಟರಿನ ಲೆಕ್ಕವೇ ಬೇರೆ (mmol/L), ನಮ್ಮ ಲೆಕ್ಕಕ್ಕೆ (mg/dL) 18ರಿಂದ ಗುಣಿಸ್ಬೇಕು, ಅಂದ್ರೆ ನಮ್ಮ 43, ತೀರಾ ಕಮ್ಮಿ. ಈ ಗೊಂದಲದಲ್ಲಿ ಹತ್ತು ನಿಮಿಷ ಹೋಯ್ತು, ಅಷ್ಟರಲ್ಲಿ ಅವಳಿಗೆ ಫಿಟ್ಸ್ ಬಂತು. ಅಮ್ಮ ಲೋಟದಲ್ಲಿ ಬೆಲ್ಲದ ನೀರು ಹಿಡ್ಕೊಂಡು ಬಂದ್ರು, ಹೆಂಡತಿ ಕೈ ತಡೆದ್ಲು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕ್ಬಾರ್ದು, ಶ್ವಾಸಕೋಶಕ್ಕೆ ಇಳೀತದೆ. ಪಕ್ಕಕ್ಕೆ ಮಲಗಿಸಿ ಗ್ಲೂಕಗಾನ್ (ಶುಗರ್ ಏರಿಸುವ ಇಂಜೆಕ್ಷನ್) ಚುಚ್ಚಬೇಕು, ಆಂಬುಲೆನ್ಸ್ ಕರಿಬೇಕು. ಗ್ಲೂಕಗಾನಿನ ಆ ಕಿತ್ತಳೆ ಡಬ್ಬಿ ಎಲ್ಲಿತ್ತು? ಇಂಗ್ಲೆಂಡಲ್ಲಿ, ಲೆಸ್ಟರಿನ ಮನೆ ಫ್ರಿಜ್ಜಲ್ಲಿ. ಕಾರಲ್ಲಿ ಕಾಸರಗೋಡಿಗೆ ಓಡಿಸಿದೆವು, ಡ್ರಿಪ್ ಹಾಕಿದ್ಮೇಲೆ ಕಣ್ಣು ಬಿಟ್ಲು. ಎರಡು ದಿನ ಆಸ್ಪತ್ರೆ, ಫ್ಲೈಟ್ ತಪ್ಪಿತು, ಹೊಸ ಟಿಕೆಟ್ಟಿನ ದುಡ್ಡು ಈಗ ನೆನೆಸಿದ್ರೂ ಹೊಟ್ಟೆ ಉರೀತದೆ.

ವಾಪಸ್ ಹೋದ್ಮೇಲೆ ಡಯಾಬಿಟಿಸ್ ನರ್ಸ್ ಬೈದ್ರು, ಪೆನ್ನಿಂದ ಸಿರಿಂಜಿಗೆ ಎಳೀಲೇಬಾರ್ದಂತೆ, ಯಾವ ಬಣ್ಣದ್ದಾದ್ರೂ ಸರಿ. ಅಲ್ಲಿ 16ರೊಳಗಿನ ಮಕ್ಕಳಿಗೆ ಔಷಧಿ ಪೂರ್ತಿ ಫ್ರೀ, ಮತ್ತೆ ಜಿಪುಣತನ ಎಂತಕ್ಕೆ? ಹೊರಡುವ ತಿಂಗಳ ಮೊದ್ಲೇ ಕೇಳಿ, ಪೆನ್ನು ಎರಡು, ಸೂಜಿ ಡಬಲ್, ಗ್ಲೂಕಗಾನ್ ಕ್ಯಾಬಿನ್ ಬ್ಯಾಗಲ್ಲಿ. 25 ಕೆಜಿಗಿಂತ ಕಮ್ಮಿ ಇರುವ ಮಕ್ಕಳಿಗೆ ಗ್ಲೂಕಗಾನಿನ ಅರ್ಧ ಡೋಸ್, ಅದನ್ನ ಅಜ್ಜಿಗೂ ಕಲಿಸಿ.

ಅಲ್ಲಿಯದ್ದೇ ಮೇಲು ಅಂತ ನಾನು ಹೇಳುದಿಲ್ಲ. ಕೇರಳದಲ್ಲೂ ಈ ಮಕ್ಕಳಿಗೆ 'ಮಿಠಾಯಿ' ಅಂತ ಸರ್ಕಾರಿ ಯೋಜನೆ ಉಂಟು, ಹೆಸರು ಕೇಳಿ ನಗ್ಬೇಡಿ. ಆದ್ರೆ ಇಂಗ್ಲೆಂಡಲ್ಲಿ ಓದು ಮುಗಿಸಿದ ಮಕ್ಕಳು ಎಫ್‌ಪಿ92ಎ ಫಾರ್ಮ್ ತುಂಬಿ ಔಷಧಿ ಫ್ರೀ ಸಿಗುವ ಸರ್ಟಿಫಿಕೇಟ್ ಮಾಡಿಸ್ಬೇಕು, 5 ವರ್ಷಕ್ಕೊಮ್ಮೆ. ಇಲ್ದೆ ಫ್ರೀ ಅಂತ ಟಿಕ್ ಹಾಕಿದ್ರೆ 100 ಪೌಂಡ್ ತನಕ ದಂಡ.