ತವರಿನ ಗುಟ್ಟಿನ ಕಾದಂಬರಿ ಕಟ್ಟುವ ಬಗೆ

ಅಕ್ಕ-ತಂಗಿ, ಅತ್ತೆ-ಸೊಸೆ, ತವರಿನ ಆಸ್ತಿ ಇಟ್ಟುಕೊಂಡು ಬರೆದ ಕಾದಂಬರಿಗಳು ಬಹುತೇಕ ಒಂದೇ ಕಡೆ ಕೆಡುತ್ತವೆ: ಗುಟ್ಟು ಕೊನೆಯ ಅಧ್ಯಾಯದಲ್ಲಿ ಒಡೆಯುತ್ತದೆ, ಅಲ್ಲಿಯವರೆಗೆ ಅದಕ್ಕೆ ಕೆಲಸವೇ ಇರುವುದಿಲ್ಲ. ಬಚ್ಚಿಟ್ಟವಳು ಅದನ್ನು ದಿನಾ ಕಾಯಬೇಕು. ಯಾರ ಮುಂದೆ ಮಾತು ನುಂಗಿದಳು, ಯಾವ ಟ್ರಂಕಿನ ಕೀಲಿ ಸೆರಗಿಗೆ ಗಂಟು ಹಾಕಿಕೊಂಡಳು, ಯಾರ ಮದುವೆಗೆ ಹೋಗದೆ ಉಳಿದಳು, ಕಾದಂಬರಿ ಇರುವುದು ಅಲ್ಲಿ.

ಬಾಗಲಕೋಟೆಯ ಒಂದು ಮನೆತನ ತೆಗೆದುಕೊಳ್ಳಿ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಪರಿಹಾರದ ದುಡ್ಡಿನಲ್ಲಿ ತಮ್ಮ ನವನಗರದಲ್ಲಿ ಮನೆ ಕಟ್ಟಿಸಿದ್ದಾನೆ. ಉಳಿದ ನಾಲ್ಕು ಎಕರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಕ್ಕನ ಹೆಸರಿಲ್ಲ. ಯಾಕಿಲ್ಲ?

‘ಖಾಲಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು’ ಎಂಬ ಉತ್ತರ ಬೇಡ. ಹೊಲದ ಹಕ್ಕು ಬಿಟ್ಟುಕೊಡುವ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಕ್ಕ ಅಲ್ಲಿ ಕೂತು, ಅಧಿಕಾರಿಯ ಮುಂದೆ ಒಪ್ಪಿ, ಹೆಬ್ಬೆಟ್ಟು ಒತ್ತಿರಬೇಕು. ಅಂದರೆ ಅವಳಿಗೆ ಗೊತ್ತಿತ್ತು. ಕಥೆಗೆ ಜೀವ ಬರುವುದೇ ಇಲ್ಲಿ: ಗೊತ್ತಿದ್ದೂ ಬಿಟ್ಟುಕೊಟ್ಟಳು, ಗಂಡನಿಗೆ ಹೇಳಲಿಲ್ಲ. ಬದಲಿಗೆ ಏನು ಪಡೆದಳು? ಮಗಳ ಓದಿನ ಖರ್ಚೋ, ಹಳೆಯ ಸಂಗತಿಯೊಂದರ ಬಗ್ಗೆ ತಮ್ಮನ ಮೌನವೋ? ಇದು ತೀರ್ಮಾನವಾಗದೆ ಮೊದಲ ಪುಟ ಬರೆಯಬೇಡಿ.

ಇಸವಿ ತಪ್ಪಿದರೆ ಓದುವ ಹೆಣ್ಣುಮಕ್ಕಳು ಅಲ್ಲೇ ಹಿಡಿಯುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಆ ಅಡ್ಡಿ ಹೋದದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಿಂದ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್‌ನಲ್ಲಿ. ಹಾಗಾಗಿ 1988ರಲ್ಲಿ ಮದುವೆಯಾದ ಅಕ್ಕ 1998ರಲ್ಲಿ ಸಮಪಾಲಿಗೆ ಕೋರ್ಟು ಹತ್ತಿ ಗೆದ್ದಳೆಂದು ಬರೆದರೆ ತಪ್ಪು; ತೀರಿಹೋದ ತಂದೆಯ ಭಾಗದಲ್ಲಷ್ಟೇ ಆಗ ಅವಳಿಗೆ ಪಾಲು. ಹಕ್ಕು ಬಿಡುವ ಪತ್ರಕ್ಕೆ ತಮ್ಮ ಅವಸರ ಮಾಡುವುದನ್ನು 2006ಕ್ಕೆ ಇಡಿ, ಎಲ್ಲಾ ಕೂಡಿಬರುತ್ತದೆ.

ಇನ್ನು ಒಂದು ಹಾಳೆಗೆ ಮೂರು ಕಾಲಂ ಹಾಕಿ: ಯಾರಿಗೆ ಗೊತ್ತು, ಯಾವಾಗಿನಿಂದ, ಮತ್ತಾರಿಗೆ ಗೊತ್ತಿಲ್ಲ ಎಂದು ನಂಬಿದ್ದಾರೆ. ಮೂರನೆಯ ಕಾಲಮ್ಮೇ ಹೆಚ್ಚು ದೃಶ್ಯ ಕೊಡುತ್ತದೆ. ಸೊಸೆಗೆ ಗೊತ್ತಿಲ್ಲ ಎಂದು ಅವ್ವ ನಂಬಿದ್ದಾಳೆ. ಸೊಸೆಗೆ ಮದುವೆಯಾದ ವರ್ಷವೇ ಗೊತ್ತಾಗಿದೆ. ಇಬ್ಬರೂ ದಿನಾ ಒಂದೇ ಒಲೆ ಮುಂದೆ ರೊಟ್ಟಿ ಬಡಿಯುತ್ತಾರೆ.

ನಲವತ್ತು ಸಾವಿರ ಪದ, ಇಪ್ಪತ್ತು ಅಧ್ಯಾಯ ಎಂದಿಟ್ಟುಕೊಂಡರೆ ಓದುವವರಿಗೆ ಏಳರಲ್ಲೇ ತಿಳಿಯಲಿ, ಮಗಳಿಗೆ ಹನ್ನೆರಡರಲ್ಲಿ, ಗಂಡನಿಗೆ ಹದಿನೇಳರಲ್ಲಿ. ಓದುವವರಿಗೆ ಮೊದಲೇ ಗೊತ್ತಿದ್ದರೆ ಗಂಡನ ಒಂದು ಸಾದಾ ಪ್ರಶ್ನೆಗೂ ಎದೆ ಧಸಕ್ ಅನ್ನುತ್ತದೆ.

ಎಲ್ಲರನ್ನೂ ಒಂದೇ ಸೂರಿನಡಿ ತರಲು ನಾಗರ ಪಂಚಮಿಗಿಂತ ಒಳ್ಳೆಯ ಹೊತ್ತಿಲ್ಲ, ಹೆಣ್ಣುಮಕ್ಕಳು ತವರಿಗೆ ಬಂದೇ ಬರುತ್ತಾರೆ. ಉಡಿ ತುಂಬಲು ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆಯುತ್ತಾಳೆ. ಮಡಿಕೆಯೊಳಗಿಂದ ಪತ್ರದ ನಕಲು ಜಾರಿ ಬೀಳುತ್ತದೆ.

“ಇದನ್ನ ಇನ್ನೂ ಇಟ್ಟೀಯೇನ ಯವ್ವಾ?”

“ನಿನ್ನ ಮಗಳ ಕೈಗೆ ಸಿಗಬಾರದಂತ ಇಟ್ಟೀನಿ.”

ಬಾಗಿಲಲ್ಲಿ ಸೊಸೆ, ಕೈಯಲ್ಲಿ ಉಂಡಿ ಡಬ್ಬಿ. “ಶೇಂಗಾ ಉಂಡಿ ಕಡಿಮಿ ಬಿದ್ದಾವು ಅಕ್ಕಾರ, ರವಾ ಉಂಡಿ ಜಾಸ್ತಿ ಹಾಕೀನಿ.”

ಅವಳು ಕೇಳಿಸಿಕೊಂಡಳು ಎಂದು ಹೇಳಬೇಕಿಲ್ಲ. ಕೂಗಾಟ, ಮೂರ್ಛೆ ಯಾವುದೂ ಬೇಡ. ನಿರೂಪಣೆ ಗ್ರಂಥಸ್ಥ ಕನ್ನಡದಲ್ಲಿರಲಿ, ಮಾತು ಮನೆಯದ್ದಾಗಿರಲಿ. ‘ಇದೆ’ಗೆ ‘ಐತಿ’ ಅನ್ನುವ ಬಾಯಲ್ಲಿ ಮರುಪುಟಕ್ಕೆ ‘ಅದ’ ಬರಕೂಡದು. ಬರೆದ ಮೇಲೆ ಸಂಭಾಷಣೆಯನ್ನಷ್ಟೇ ಜೋರಾಗಿ ಓದಿಸಿ ಕೇಳಿ. ಸೊಸೆ ಡಬ್ಬಿ ಮುಚ್ಚಿದ ಮೇಲೆ ವಿವರಣೆಯ ಸಾಲು ಉಳಿದಿದ್ದರೆ ಹೊಡೆದುಹಾಕಿ.