ಎಚ್‌ಐವಿ ಟೆಸ್ಟ್: ದಿನ ಎಣಿಸುವುದು ಹೇಗೆ, ರಿಪೋರ್ಟ್ ಓದುವುದು ಹೇಗೆ

ಭಾನುವಾರ ಕಾಂಡೋಮ್ ಇಲ್ಲದೆ ಆದ ತಪ್ಪಿಗೆ ಬುಧವಾರ ಎಚ್‌ಐವಿ ಟೆಸ್ಟ್ ಮಾಡಿಸಿ, ‘ನೆಗೆಟಿವ್ ಬಂತು ಸಾರ್’ ಎಂದು ಕುಣಿಯುತ್ತಾ ಎದ್ದು ಹೋದವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ರಕ್ತ ಪರೀಕ್ಷೆಯ ಮೇಜಿನ ಹಿಂದೆ ಬಹಳ ವರ್ಷ ಕೂತಿದ್ದೇನೆ ನಾನು. ಆ ರಿಪೋರ್ಟ್ ಸುಳ್ಳು ಹೇಳುತ್ತಿಲ್ಲ. ಆದರೆ ಆ ಭಾನುವಾರದ ಬಗ್ಗೆ ಅದಕ್ಕೆ ಏನೇನೂ ಗೊತ್ತಿಲ್ಲ.

ಬೆರಳು ಚುಚ್ಚಿ ಮಾಡುವ ಸಾಮಾನ್ಯ ಟೆಸ್ಟ್ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ಬಂದದ್ದಕ್ಕೆ ನಿಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು, ಅಂದರೆ ಆಂಟಿಬಾಡಿಯನ್ನು, ಹುಡುಕುತ್ತದೆ. ಅದನ್ನು ತಯಾರಿಸಲು ಮೈಗೆ ವಾರಗಟ್ಟಲೆ ಬೇಕು.

ಹಂತ 1: ಗಡಿಯಾರ ನೋಡಿ

ಆ ತಪ್ಪು ನಡೆದು ಇನ್ನೂ 72 ಗಂಟೆ ಆಗಿಲ್ಲವೇ? ಈ ಲೇಖನ ಪಕ್ಕಕ್ಕಿಟ್ಟು ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ‘ಪೆಪ್’ ಬೇಕು ಎಂದು ಕೇಳಿ. ಸೋಂಕು ಬೇರೂರದಂತೆ ತಡೆಯುವ ಮಾತ್ರೆಗಳು ಅವು. 28 ದಿನ ತಪ್ಪದೆ ತಗೋಬೇಕು. ಒಂದೊಂದು ಗಂಟೆ ತಡವಾದಷ್ಟೂ ನಷ್ಟ ನಿಮ್ಮದೇ.

ಹಂತ 2: ತಾರೀಖು ಬರೆದಿಡಿ

ತಪ್ಪು ನಡೆದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ಚುಕ್ಕಿ ಸಾಕು.

ಹಂತ 3: ದಿನ ಎಣಿಸಿ

ಎಲ್ಲರೂ ಎಡವುವುದು ಇಲ್ಲೇ. ಡೆಂಗಿ ರಿಪೋರ್ಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲಿ ಎನ್‌ಎಸ್1 ಪಾಸಿಟಿವ್ ಬರುತ್ತದೆ, ಐಜಿಎಂ ಕಾಣಲು ನಾಲ್ಕೈದು ದಿನ ಕಾಯಬೇಕು, ಅಲ್ವಾ? ಎನ್‌ಎಸ್1 ವೈರಸ್ಸಿನ ತುಣುಕು. ಐಜಿಎಂ ನಿಮ್ಮ ಮೈ ಕೊಟ್ಟ ಉತ್ತರ. ಎಚ್‌ಐವಿಯಲ್ಲೂ ಸರದಿ ಇದೇ, ಆದರೆ ಲೆಕ್ಕ ವಾರಗಳದ್ದು.

ಮೊದಲ ವಾರ, ಹತ್ತು ದಿನ ವೈರಸ್ ಒಳಬಂದ ಜಾಗದ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿಂದ ತೊಡೆಸಂದು, ಕಂಕುಳು, ಕತ್ತಿನಂಥ ಕಡೆ ಇರುವ ದುಗ್ಧಗ್ರಂಥಿಗಳಿಗೆ ಸೇರುತ್ತದೆ. ಅದಕ್ಕೆ ಬೇಕಾದ ಸಿಡಿ4 ಕಣಗಳು ಅಲ್ಲಿ ದಂಡಿಯಾಗಿ ಇವೆ. ಬಿಳಿ ರಕ್ತಕಣಗಳಲ್ಲಿ ಈ ಸಿಡಿ4 ಮೇಸ್ತ್ರಿ ಇದ್ದ ಹಾಗೆ. ಪ್ರತಿಕಾಯ ಮಾಡುವವರು ಯಾರು, ಸೋಂಕು ತಗುಲಿದ ಕಣವನ್ನು ಕೊಲ್ಲುವವರು ಯಾರು ಎಂದು ಕೆಲಸ ಹಂಚುವುದು ಅದೇ. ಎಚ್‌ಐವಿ ಬಂದು ಹಿಡಿಯುವುದು ಈ ಮೇಸ್ತ್ರಿಯನ್ನೇ. ಅದರ ಡಿಎನ್‌ಎ ಒಳಗೆ ತನ್ನ ನಕಲನ್ನು ಹೆಣೆದುಬಿಡುತ್ತದೆ. ಈ ಹೊತ್ತಿನಲ್ಲಿ ಯಾವ ಟೆಸ್ಟ್ ಮಾಡಿದರೂ ಸಾಮಾನ್ಯವಾಗಿ ನೆಗೆಟಿವ್.

ಆಮೇಲೆ ವೈರಸ್ ರಕ್ತಕ್ಕೆ ನುಗ್ಗುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಎಷ್ಟೋ ಜನಕ್ಕೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಕತ್ತಿನಲ್ಲಿ ಗಂಟು. ಫ್ಲೂ ಅಂದುಕೊಂಡು ಒಂದು ಪ್ಯಾರಾಸಿಟಮಾಲ್ ನುಂಗಿ ಮರೆಯುತ್ತಾರೆ. ಇನ್ನು ಕೆಲವರಿಗೆ ಅದೂ ಇಲ್ಲ. ಆದರೆ ಒಳಗೆ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತು ಲಕ್ಷ ದಾಟುವಷ್ಟು ವೈರಸ್ ಇರಬಹುದು. ಕರುಳಿನ ಗೋಡೆಯಲ್ಲಿದ್ದ ಸಿಡಿ4 ಕಣಗಳು ಈ ಕೆಲವೇ ವಾರಗಳಲ್ಲಿ ರಾಶಿರಾಶಿ ಸಾಯುತ್ತವೆ. ಕಿಟ್ ‘ನೆಗೆಟಿವ್’ ಎನ್ನುವ ಇದೇ ಸಮಯದಲ್ಲಿ ಇನ್ನೊಬ್ಬರಿಗೆ ಸೋಂಕು ದಾಟಿಸುವ ಶಕ್ತಿಯೂ ಅತಿ ಜಾಸ್ತಿ. ಕಾಯುವಷ್ಟು ದಿನ ಕಾಂಡೋಮ್ ಬಳಸಿ ಎಂದು ಕೌನ್ಸೆಲರ್ ಬಡಿದುಕೊಳ್ಳುವುದು ಇದಕ್ಕೇ.

ಮೈ ಸುಮ್ನೆ ಕೂತಿರುವುದಿಲ್ಲ. ಸಿಡಿ8 ಎಂಬ ಕೊಲ್ಲುವ ಕಣಗಳು ಸೋಂಕು ತಗುಲಿದ ಕಣಗಳನ್ನು ಹುಡುಕಿ ಹೊಡೆಯುತ್ತವೆ, ವೈರಸ್ ಸಂಖ್ಯೆ ಧಡ್ ಎಂದು ಇಳಿಯುತ್ತದೆ. ಪ್ರತಿಕಾಯಗಳೂ ಬರುತ್ತವೆ. ಆದರೆ ಮೊದಲು ಬಂದವು ವೈರಸ್ಸಿಗೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ನಿಲ್ಲಿಸಲಾರವು. ನಿಲ್ಲಿಸಬಲ್ಲವು ತಯಾರಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ವೈರಸ್ ವೇಷ ಬದಲಿಸಿರುತ್ತದೆ. ತನ್ನನ್ನು ನಕಲು ಮಾಡುವಾಗ ಅದು ಅಷ್ಟೊಂದು ಕಾಗುಣಿತ ತಪ್ಪು ಮಾಡುತ್ತದೆ, ಆ ತಪ್ಪುಗಳೇ ಅದನ್ನು ಕಾಯುತ್ತವೆ. ‘ಆಂಟಿಬಾಡಿ ಬಂದಿದೆ ಅಂದ್ರೆ ಮೈ ಗೆದ್ದಿದೆ ತಾನೇ?’ ಎಂದು ಒಬ್ಬ ಇಂಜಿನಿಯರ್ ಕೇಳಿದ್ದರು. ಸಿಡುಬಿಗೆ ಆ ಮಾತು ಸರಿ. ಇಲ್ಲಿ ಆಂಟಿಬಾಡಿ ಇದೆ ಎಂದರೆ ಸೋಂಕು ಇದೆ ಎಂದೇ ಅರ್ಥ.

ಈಗ ಲೆಕ್ಕ. ವೈರಸ್ಸಿನ ಆರ್‌ಎನ್‌ಎ ಹುಡುಕುವ ನ್ಯಾಟ್ ಟೆಸ್ಟ್ 10ರಿಂದ 33 ದಿನದಲ್ಲಿ ಹಿಡಿಯುತ್ತದೆ. ಪಿ24 ಎಂಬ ವೈರಸ್ ತುಣುಕು ಮತ್ತು ಪ್ರತಿಕಾಯ ಎರಡನ್ನೂ ನೋಡುವ, ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ಟೆಸ್ಟಿಗೆ 18ರಿಂದ 45 ದಿನ. ಪ್ರತಿಕಾಯ ಮಾತ್ರ ನೋಡುವ ಕಿಟ್‌ಗೆ 23ರಿಂದ 90 ದಿನ. ಜನ ಯಾವಾಗಲೂ ಮೊದಲ ಅಂಕಿಯನ್ನೇ ಹಿಡಿದುಕೊಳ್ಳುತ್ತಾರೆ. ಅದು ಬೇಗ ಸಿಕ್ಕಿಬೀಳುವವರ ಅಂಕಿ. ನೀವು ಹಿಡಿಯಬೇಕಾದ್ದು ಎರಡನೆಯದನ್ನು. ನನ್ನ ಮಾತು ಕೇಳುವುದಾದರೆ 45 ದಿನಕ್ಕೆ ಲ್ಯಾಬ್ ಟೆಸ್ಟ್ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ನಡುವೆ ವಾರವಾರ ಚುಚ್ಚಿಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಪೆಪ್ ತಗೊಂಡವರಲ್ಲಿ ಪ್ರತಿಕಾಯ ಇನ್ನೂ ತಡವಾಗಿ ಬರಬಹುದು, ಅವರ ತಾರೀಖನ್ನು ಡಾಕ್ಟರೇ ಹೇಳಬೇಕು.

ಪುಟ್ಟ ಮಗುವಿಗೆ ಈ ಲೆಕ್ಕ ಹಾಕಲೇಬೇಡಿ. ತಾಯಿಯ ಪ್ರತಿಕಾಯ ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಉಳಿಯಬಹುದು. ಸೋಂಕಿಲ್ಲದ ಮಗುವಿಗೂ ಕಿಟ್ ಪಾಸಿಟಿವ್ ತೋರಿಸಿ ಮನೆಯವರ ಎದೆ ಒಡೆದದ್ದನ್ನು ಕಂಡಿದ್ದೇನೆ. ಮಗುವಿಗೆ ಆರನೇ ವಾರದಲ್ಲಿ ವೈರಸ್ಸನ್ನೇ ಹುಡುಕುವ ಬೇರೆ ಟೆಸ್ಟ್ ಇದೆ.

ಹಂತ 4: ಐಸಿಟಿಸಿಗೆ ಹೋಗಿ

ಐಸಿಟಿಸಿ ಎಂದರೆ ಎಚ್‌ಐವಿ ಟೆಸ್ಟ್ ಮಾಡಿ, ಸಲಹೆಯನ್ನೂ ಕೊಡುವ ಸರ್ಕಾರಿ ಕೇಂದ್ರ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಎಲ್ಲಿದೆ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ. 2017ರ ಕಾನೂನಿನ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು. ಖಾಸಗಿ ಲ್ಯಾಬ್‌ನ ‘ಫುಲ್ ಬಾಡಿ ಪ್ಯಾಕೇಜ್’ಗಿಂತ ನನಗೆ ಇದೇ ಇಷ್ಟ. ಇಲ್ಲಿ ಎದುರಿಗೆ ಕೂತು ಮಾತಾಡುವ ಒಬ್ಬ ಮನುಷ್ಯ ಇರುತ್ತಾನೆ, ಅಲ್ಲಿ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಬರುತ್ತದೆ.

ಒಂದು ಅಡ್ಡದಾರಿ ಇದೆ, ದಯವಿಟ್ಟು ಹಿಡಿಯಬೇಡಿ. ‘ರಕ್ತದಾನ ಮಾಡಿದ್ರೆ ಟೆಸ್ಟ್ ಫ್ರೀ’ ಎಂದು ಕ್ಯಾಂಪ್‌ಗೆ ಹೋಗುವವರಿದ್ದಾರೆ. ಸೋಂಕು ಇದ್ದರೂ ಟೆಸ್ಟಿಗೆ ಕಾಣದ ದಿನಗಳ, ಅಂದರೆ ವಿಂಡೋ ಪೀರಿಯಡ್‌ನ, ನಿಮ್ಮ ರಕ್ತ ಯಾರೋ ಬಾಣಂತಿಯ ಮೈಗೆ ಹೋದರೆ?

ಹಂತ 5: ಗೆರೆ ಓದಿ

ಕಿಟ್‌ನಲ್ಲಿ ‘ಸಿ’ ಗೆರೆ, ಅಂದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆ, ಬರಲೇಬೇಕು. ಬಾರದಿದ್ದರೆ ಆ ಕಿಟ್ ಕಸದ ಬುಟ್ಟಿಗೆ, ಪಕ್ಕದ ಗೆರೆ ಏನೇ ಹೇಳಲಿ. ಕಿಟ್‌ನ ಸೂಚನೆಯಲ್ಲಿ ಬರೆದಿರುವಷ್ಟು ನಿಮಿಷದೊಳಗೆ ಓದಿ ಮುಗಿಸಿ. ಹೆಸರಿಲ್ಲದ ಕಿಟ್ ಆನ್‌ಲೈನ್‌ನಲ್ಲಿ ತರಿಸಿ, ಮಾರನೇ ದಿನ ಟಾರ್ಚ್ ಬಿಟ್ಟು ನೋಡಿ, ಒಣಗಿದ ಮೇಲೆ ಮೂಡಿದ ಮಬ್ಬು ಗೆರೆಗೆ ಹೆದರಿ ಬಂದವರಿದ್ದಾರೆ. ಒಂದು ಕಿಟ್ ರಿಯಾಕ್ಟಿವ್, ಅಂದರೆ ಪಕ್ಕದ ಗೆರೆಯೂ ಮೂಡಿದೆ, ಅಂದ ಮಾತ್ರಕ್ಕೆ ಪಾಸಿಟಿವ್ ಅಲ್ಲ. ಐಸಿಟಿಸಿಯಲ್ಲಿ ಬೇರೆ ಬೇರೆ ಮೂರು ಕಿಟ್‌ಗಳೂ ಒಂದೇ ಮಾತು ಹೇಳಿದ ಮೇಲೆಯೇ ಪಾಸಿಟಿವ್ ಎಂದು ಬರೆಯುತ್ತಾರೆ.

ಹಂತ 6: ಪಾಸಿಟಿವ್ ಬಂದರೆ

ಎಚ್‌ಐವಿಗೆ ಮಾತ್ರೆ ಕೊಡುವ ಸರ್ಕಾರಿ ಕೇಂದ್ರಕ್ಕೆ, ಅಂದರೆ ಎಆರ್‌ಟಿ ಸೆಂಟರ್‌ಗೆ, ಹೋಗಿ. ಸಿಡಿ4 ಎಷ್ಟಿದ್ದರೂ ಚಿಕಿತ್ಸೆ ಕೊಡಬೇಕು ಎಂಬುದು 2017ರಿಂದ ನಮ್ಮ ದೇಶದ ನಿಯಮ, ಮಾತ್ರೆ ಉಚಿತ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ‘ಇಮ್ಯುನಿಟಿ’ ಎಂದು ಡಬ್ಬದ ಮೇಲೆ ಬರೆದ ಪುಡಿ, ಕಷಾಯಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ಮೇಸ್ತ್ರಿಯನ್ನೇ ಹಿಡಿದಿರುವ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ.

ಆರೋಗ್ಯವಂತರಲ್ಲಿ ಸಿಡಿ4 ಎಣಿಕೆ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 500ರಿಂದ 1500. ಅದು 200ಕ್ಕಿಂತ ಕೆಳಗಿಳಿದರೆ ಟಿಬಿಯಂಥವು ಸುಲಭವಾಗಿ ಮೇಲೆ ಬೀಳುತ್ತವೆ. ಒಬ್ಬರಿಗೆ ಮಾತ್ರೆಯಿಂದ ಎಣಿಕೆ 600ಕ್ಕೆ ಏರಿತ್ತು. ‘ವಾಸಿಯಾಯ್ತು’ ಎಂದು ಊರಿನ ಜಾತ್ರೆಗೆ ಹೋದವರು ಮಾತ್ರೆಯನ್ನು ಅಲ್ಲೇ ಬಿಟ್ಟರು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಯಂತ್ರದ ಕಣ್ಣಿಗೆ ಬೀಳದಷ್ಟು ಇಳಿದಿದ್ದರೂ ಕೆಲವು ಸಿಡಿ4 ಕಣಗಳ ಡಿಎನ್‌ಎಯಲ್ಲಿ ಆ ನಕಲು ಮಲಗಿಯೇ ಇರುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅದು ಎದ್ದು ಬರುತ್ತದೆ. ಹಾಗಾಗಿ ಊರು ಬಿಟ್ಟು ಹೋಗುವುದಿದ್ದರೆ ಸೆಂಟರ್‌ನಲ್ಲಿ ಮೊದಲೇ ಹೇಳಿ. ಹೋದ ಊರಿನ ಎಆರ್‌ಟಿ ಸೆಂಟರ್‌ನಲ್ಲಿ ಮಾತ್ರೆ ಸಿಗುವಂತೆ ಮಾಡಿಕೊಡುತ್ತಾರೆ.