ವಿಮಾನದ ವಯಸ್ಸು ಕಂಡುಹಿಡಿಯೋದು ಹೇಗೆ

ನಮ್ಮದು ಬಳ್ಳಾರಿ, ಜೀನ್ಸ್ ಹೊಲಿಯೋ ಕೆಲಸ. ಗಿರಾಕಿ ಹೊಸ ಮಾದರಿ ಕೇಳಿದರೆ ಪ್ಯಾಟರ್ನ್ ಬದಲಿಸಿ ಮುಂದಿನ ವಾರವೇ ಮಾಲು ಕಳಿಸುತ್ತೇವೆ. ಅಕ್ಕನ ಮಗನನ್ನು ಮೊದಲ ಸಲ ವಿಮಾನ ಹತ್ತಿಸಿದಾಗ ಅವನು ಕೇಳಿದ: "ಮಾಮ, ಫೋನು ವರ್ಷಕ್ಕೊಂದು ಹೊಸದು ಬರ್ತೈತೆ, ವಿಮಾನ ಯಾಕೆ ಹಂಗೇ ಐತೆ?" ಅವತ್ತು ಅವನಿಗೆ ತೋರಿಸಿದ್ದನ್ನೇ ಬರೆಯುತ್ತೇನೆ. ತೋರಣಗಲ್ಲಿನಿಂದಲೋ ಬೆಂಗಳೂರಿನಿಂದಲೋ ಹೊರಟಾಗ ನೀವೂ ನೋಡಿ.

ಮೊದಲು ಟಿಕೆಟ್. ಬುಕ್ ಮಾಡುವಾಗಲೇ ಯಾವ ಮಾದರಿ ಅಂತ ಸಾಮಾನ್ಯವಾಗಿ ತೋರಿಸುತ್ತದೆ. ಏರ್‌ಬಸ್ ಎ320 ಮೊದಲು ಹಾರಿದ್ದು 1987ರಲ್ಲಿ, ಎಟಿಆರ್ 72 ಆದರೆ 1988ರಲ್ಲಿ, ಬೋಯಿಂಗ್ 737 ಅಂತೂ 1967ರಲ್ಲಿ. ನೀವು ಕೂರುವ ವಿಮಾನ ಹೋದ ವರ್ಷ ತಯಾರಾದದ್ದೇ ಇರಬಹುದು, ಮನೆತನ ಮಾತ್ರ ಹಳೆಯದು. ಅದರ ಮೈಮೇಲೆ ವಿಟಿ ಅಂತ ಶುರುವಾಗುವ ಅಕ್ಷರಗಳಿರುತ್ತವೆ, ನೆಟ್‌ನಲ್ಲಿ ಹಾಕಿದರೆ ಹುಟ್ಟಿದ ವರ್ಷ ಸಿಗುತ್ತದೆ. ಇನ್ನು ವೇಗ? 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707 ಎಷ್ಟು ಜೋರಾಗಿ ಹೋಗುತ್ತಿತ್ತೋ ಇವತ್ತಿನ ಜೆಟ್‌ಗಳೂ ಹೆಚ್ಚುಕಡಿಮೆ ಅಷ್ಟೇ.

ಆಮೇಲೆ ಎಂಜಿನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ನಿಜವಾದ ಬದಲಾವಣೆ ಇಲ್ಲೇ ಆಗಿದೆ. 737ರ ಮೊದಲ ಎಂಜಿನ್ ಒನಕೆಯ ಹಾಗೆ ಸಣ್ಣಗೆ ಉದ್ದ, ಮುಂದಿನ ಫ್ಯಾನ್ ಸುಮಾರು 1 ಮೀಟರ್. ಈಗಿನ 737 ಅಂದರೆ ಮ್ಯಾಕ್ಸ್ ಅನ್ನೋ ಮಾದರಿ, ಅದರ ಫ್ಯಾನ್ ಸುಮಾರು 1.75 ಮೀಟರ್. ಫ್ಯಾನ್ ದೊಡ್ಡದಾದಷ್ಟೂ ಜಾಸ್ತಿ ಗಾಳಿ ತಳ್ಳುತ್ತದೆ, ಇಂಧನ ಉಳಿಯುತ್ತದೆ, ಸದ್ದೂ ಕಡಿಮೆ. ಆದರೆ 737 ನೆಲಕ್ಕೆ ತೀರಾ ಹತ್ತಿರ, ದೊಡ್ಡ ಎಂಜಿನ್‌ಗೆ ಜಾಗ ಎಲ್ಲಿಂದ ಬರಬೇಕು? ಅದಕ್ಕೇ ನಡುವಿನ ಕಾಲದ 737ಗಳ ಎಂಜಿನ್ ತಳ ಚಪ್ಪಟೆ. ಮ್ಯಾಕ್ಸ್‌ನಲ್ಲಿ ಎಂಜಿನ್ ಅನ್ನೇ ಮುಂದಕ್ಕೆ, ಮೇಲಕ್ಕೆ ಸರಿಸಿದರು. ಹಾರುವ ರೀತಿ ಬದಲಾಯಿತು, ಅದನ್ನು ಸರಿದೂಗಿಸಲು ಸಾಫ್ಟ್‌ವೇರ್ ಹಾಕಿದರು, ಅದು ಒಂದೇ ಸೆನ್ಸರ್ ನಂಬಿ ವಿಮಾನದ ಮೂಗನ್ನು ಕೆಳಕ್ಕೆ ಒತ್ತಿತು. 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ಪೂರ್ತಿ ಹೊಸ ವಿಮಾನ ಅಂದರೆ ವರ್ಷಗಟ್ಟಲೆ ಪರೀಕ್ಷೆ, ಪೈಲಟ್‌ಗಳಿಗೆ ಮತ್ತೆ ತರಬೇತಿ, ಸಾವಿರಾರು ಕೋಟಿ ಖರ್ಚು. ಹಾಗಾಗಿ ಹಳೆಯದಕ್ಕೇ ತೇಪೆ ಹಾಕುತ್ತಾರೆ. ನಿಧಾನದ ಬಗ್ಗೆ ನನಗೆ ಬೇಸರವಿಲ್ಲ, ಪರೀಕ್ಷೆಗೆ ಹಿಡಿಯುವ ಕಾಲ ಹಿಡಿಯಲಿ. ತೇಪೆ ಹಾಕಿ ಪರೀಕ್ಷೆಯಿಂದ ತಪ್ಪಿಸಿಕೊಂಡರೆ ಮಾತ್ರ ಸಿಟ್ಟು ಬರುತ್ತದೆ.

ರೆಕ್ಕೆಯ ತುದಿ ಮೇಲಕ್ಕೆ ಬಾಗಿದೆಯಾ ನೋಡಿ. ಅದೂ ಇಂಧನ ಉಳಿಸಲಿಕ್ಕೇ.

ಕೊನೆಗೆ, ಸೀಟ್ ಬೆಲ್ಟ್ ದೀಪ ಆರಿದ ಮೇಲೆ ಶೌಚಾಲಯಕ್ಕೆ ಹೋಗಿ ಬನ್ನಿ. ಸಿಗರೇಟ್ ಸೇದಬಾರದು ಅನ್ನೋ ಗುರುತಿದ್ದರೂ ಬಾಗಿಲಲ್ಲಿ ಪುಟ್ಟ ಆಷ್‌ಟ್ರೇ ಇರುತ್ತದೆ. ಮರೆತು ಬಿಟ್ಟದ್ದಲ್ಲ, ಅದು ನಿಯಮ. 1973ರಲ್ಲಿ ಪ್ಯಾರಿಸ್ ಹತ್ತಿರ ಒಂದು 707ರ ಶೌಚಾಲಯದಲ್ಲಿ ಬೆಂಕಿ ಹುಟ್ಟಿ 123 ಜನ ಸತ್ತಿದ್ದರು. ಯಾರಾದರೂ ಕದ್ದು ಸೇದಿದರೂ ತುಂಡು ಕಾಗದದ ಬುಟ್ಟಿಗೆ ಬೀಳಬಾರದು, ಅಲ್ವಾ? ನಮ್ಮ ಹುಡುಗ ಅದರ ಮುಚ್ಚಳ ಎರಡು ಸಲ ತೆಗೆದು ನೋಡಿ ಬಂದ.